ನಿಮ್ಮ ಇರುಳ್ಬುಲಿ ದಿನಾ ಏನು ತಿನ್ನುತ್ತದೆ?

ಪ್ರಶ್ನೆ: ಎರಡು ವರ್ಷದಿಂದ ಒಂದು ಕಲ್ಪನಾಲೋಕದ ಕಾದಂಬರಿ ಬರೆಯುತ್ತಿದ್ದೇನೆ. ಸುತ್ತಲೂ ಹಿಮದ ಬೆಟ್ಟಗಳು, ನಡುವೆ 30 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಕಾಡುಕಣಿವೆ. ಅಲ್ಲಿ ‘ಇರುಳ್ಬುಲಿ’ ಎಂಬ ದೊಡ್ಡ ಬೆಕ್ಕು. ತೂಕ 600 ಕಿಲೋ, ಕಪ್ಪು ಮೈ, ಆರು ಕಾಲು, ಒಂದಡಿ ಉದ್ದದ ಕೋರೆಹಲ್ಲು, ಕತ್ತಲಲ್ಲಿ ಕೆಂಪಗೆ ಉರಿಯುವ ಕಣ್ಣು. ಕಣಿವೆಯಲ್ಲಿ ಇಂಥವು 200 ಇವೆ. ಗುಂಪಾಗಿ ಬೇಟೆಯಾಡುತ್ತವೆ, ಕಂಡದ್ದನ್ನೆಲ್ಲ ಕೊಲ್ಲುತ್ತವೆ. ಕೊನೆಗೆ ಊರಿನವರು ಒಂದನ್ನೂ ಬಿಡದೆ ಕೊಂದುಹಾಕುತ್ತಾರೆ. ಅದೇ ಚಳಿಗಾಲದಲ್ಲಿ ಕಾಡೂ ಸತ್ತುಹೋಗುತ್ತದೆ. ನಾಯಕಿ ಮಾತ್ರ ಒಂದು ಮರಿಯನ್ನು ಬಚ್ಚಿಟ್ಟು ಹಾಲು, ಜೇನು, ಹಣ್ಣು ಕೊಟ್ಟು ಸಾಕುತ್ತಾಳೆ. ಕರಡು ಓದಿದ ಗೆಳತಿ, “ಇಷ್ಟು ಹುಲಿ ಇದ್ದರೆ ಅಲ್ಲಿ ಜಿಂಕೆಗಳು ಹೇಗೆ ಉಳಿದವು?” ಎಂದು ಕೇಳಿದಳು. ಅಂದಿನಿಂದ ಒಂದು ಸಾಲೂ ಮುಂದೆ ಹೋಗಿಲ್ಲ. ಕಲ್ಪನೆಯ ಕಥೆಗೂ ಇಷ್ಟೆಲ್ಲ ಲೆಕ್ಕ ಬೇಕೇ? ಬೇಕೆಂದರೆ ಎಲ್ಲಿಂದ ಸರಿಪಡಿಸಲಿ?

ಉತ್ತರ: ನಿಮ್ಮ ಗೆಳತಿ ಕೇಳಿದ್ದು ವನ್ಯಜೀವಿಗಳ ಅಧ್ಯಯನ ಮಾಡುವ ನಾವು ಕಾಡಿಗೆ ಕಾಲಿಟ್ಟ ದಿನ ಕೇಳಿಕೊಳ್ಳುವ ಮೊದಲ ಪ್ರಶ್ನೆ. ಒಂದು ಹೊಸ ಕಾಡಿನಲ್ಲಿ ಹುಲಿ ಎಷ್ಟಿರಬಹುದು ಎಂದು ಅಂದಾಜು ಮಾಡಬೇಕಾದರೆ ನಾವು ಜಿಂಕೆ, ಕಡವೆ, ಕಾಡುಹಂದಿಗಳನ್ನು ಎಣಿಸುತ್ತೇವೆ. ಅದರಿಂದಲೇ ಹುಲಿಯ ಸಂಖ್ಯೆ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ.

ಕಲ್ಪನೆಗೆ ಲೆಕ್ಕ ಬೇಕೇ ಎಂದಿರಿ. ಎಲ್ಲ ಕಥೆಗೂ ಬೇಕಿಲ್ಲ, ನಿಮ್ಮ ಕಥೆಗೆ ಬೇಕು. ಏಕೆಂದರೆ ಬೇಟೆಗಾರ ಪ್ರಾಣಿ ಹೋದರೆ ಕಾಡೂ ಹೋಗುತ್ತದೆ ಎಂಬುದೇ ನಿಮ್ಮ ಕಥೆಯ ತಿರುಳು. ಹುಲ್ಲು, ಜಿಂಕೆ, ಇರುಳ್ಬುಲಿ ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ ಎಂದು ಓದುಗರು ಮೊದಲ ಪುಟದಿಂದಲೇ ನಂಬಿದ್ದರೆ ಮಾತ್ರ ಕೊನೆಯಲ್ಲಿ ಆ ಗಂಟು ಬಿಚ್ಚಿದಾಗ ಅವರಿಗೆ ನೋವಾಗುತ್ತದೆ. ಇನ್ನೂರು ಹುಲಿ ಏನು ತಿಂದು ಬದುಕಿದ್ದವು ಎಂದೇ ತಿಳಿಯದಿದ್ದರೆ, ಅವು ಸತ್ತಾಗ ಏನು ಕಳೆದುಹೋಯಿತು ಎಂದೂ ತಿಳಿಯುವುದಿಲ್ಲ.

ಮೊದಲು ಲೆಕ್ಕ ಮಾಡಿಬಿಡೋಣ. ಮಾಂಸಾಹಾರಿ ಪ್ರಾಣಿಗಳ ಬಗ್ಗೆ 2002ರಲ್ಲಿ ಪ್ರಕಟವಾದ ಒಂದು ಸೂತ್ರವನ್ನು ನಮ್ಮ ಕ್ಷೇತ್ರದಲ್ಲಿ ಹಲವರು ಬಳಸುತ್ತಾರೆ: ಒಂದು ಜಾತಿಯ ಬೇಟೆಗಾರ ಪ್ರಾಣಿ ಸುಮಾರು 90 ಕಿಲೋದಷ್ಟು ಬದುಕಿರಬೇಕಾದರೆ ಅದರ ಹಿಂದೆ ಸುಮಾರು 10,000 ಕಿಲೋ ಬೇಟೆ ಪ್ರಾಣಿಗಳು ಓಡಾಡಿಕೊಂಡಿರಬೇಕು. ನಿಮ್ಮ 200 ಇರುಳ್ಬುಲಿಗಳ ಒಟ್ಟು ತೂಕ 1,20,000 ಕಿಲೋ. ಅವಕ್ಕೆ ಬೇಕಾದ ಬೇಟೆ 1.33 ಕೋಟಿ ಕಿಲೋ. ಜಿಂಕೆಯೊಂದಕ್ಕೆ 50 ಕಿಲೋ ಹಿಡಿದರೆ ಎರಡು ಲಕ್ಷ ಅರವತ್ತಾರು ಸಾವಿರ ಜಿಂಕೆಗಳು. ಕಣಿವೆಯ ವಿಸ್ತೀರ್ಣ 600 ಚದರ ಕಿಲೋಮೀಟರ್, ಅಂದರೆ ಪ್ರತಿ ಚದರ ಕಿಲೋಮೀಟರಿಗೆ 444. ನಿಮ್ಮ ನಾಯಕಿ ಕಾಡಿನಲ್ಲಿ ಎಲ್ಲಿ ನಿಂತರೂ ಸುಮಾರು 47 ಮೀಟರಿಗೊಂದು ಜಿಂಕೆ, ಕಣಿವೆಯ ಆ ತುದಿಯಿಂದ ಈ ತುದಿಯವರೆಗೆ, ಹಿಮ ಬಿದ್ದ ತಿಂಗಳುಗಳಲ್ಲೂ! ಹುಲ್ಲಿನ ಒಂದು ಎಸಳೂ ಉಳಿಯುವುದಿಲ್ಲ. ಹುಲಿಗೆ ಹೆಸರಾದ ಸಮೃದ್ಧ ಕಾಡುಗಳಲ್ಲೂ ಚದರ ಕಿಲೋಮೀಟರಿಗೆ ಹತ್ತಾರು ಜಿಂಕೆಗಳಿದ್ದರೆ ನಾವು ಖುಷಿಪಡುತ್ತೇವೆ.

ಈಗ ಹಿಂದುಮುಂದಾಗಿ ಲೆಕ್ಕ ಹಾಕಿ. ನಿಮ್ಮ ಕಣಿವೆ ಫಲವತ್ತಾದದ್ದು, ಚದರ ಕಿಲೋಮೀಟರಿಗೆ 40 ಜಿಂಕೆಗಳಿವೆ ಎಂದುಕೊಳ್ಳೋಣ. ಆಗ ಆ ಕಾಡು ಸಾಕಬಲ್ಲ ಇರುಳ್ಬುಲಿಗಳು 18.

ಇನ್ನೂರಲ್ಲ, ಹದಿನೆಂಟು. ಈ ಸಂಖ್ಯೆ ಕಂಡು ನಿಮಗೆ ನಿರಾಸೆಯಾಗಬಾರದು, ನನಗಂತೂ ಇದರಲ್ಲೇ ಕಾದಂಬರಿ ಕಾಣುತ್ತದೆ. ಹದಿನೆಂಟೇ ಇದ್ದರೆ ಊರಿನ ಹಿರಿಯರು ಒಂದೊಂದನ್ನೂ ಹೆಸರಿಟ್ಟು ಗುರುತಿಸುತ್ತಾರೆ. ಹೊಳೆಯ ಆಚೆಯದು ಯಾರ ಮಗಳು, ಬಂಡೆಗವಿಯ ಗಂಡಿಗೆ ಯಾವ ಕಿವಿ ಹರಿದಿದೆ ಎಂದು ಹೇಳಬಲ್ಲರು. ಪ್ರಾಣಿ ಎದುರಿಗೆ ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳ ಚಿತ್ರಗಳಲ್ಲಿ ನಾವು ಪಟ್ಟೆ ನೋಡಿ ಹುಲಿಗಳನ್ನು ಗುರುತಿಸುವುದೂ ಹೀಗೆಯೇ. ಎರಡು ವರ್ಷ ಒಂದೇ ಹೆಣ್ಣುಹುಲಿಯ ಚಿತ್ರ ನೋಡುತ್ತಾ ಬಂದವರಿಗೆ, ಮೂರನೆಯ ವರ್ಷ ಅದು ಕಾಣದಿದ್ದರೆ ಮನೆಯವರು ಕಾಣೆಯಾದಂತೆ ಆಗುತ್ತದೆ.

ಇನ್ನು ‘ಕಂಡದ್ದನ್ನೆಲ್ಲ ಕೊಲ್ಲುತ್ತದೆ’ ಎಂಬ ಮಾತು. ದೊಡ್ಡ ಬೆಕ್ಕುಗಳ ಬಗ್ಗೆ ಇಷ್ಟು ಗಟ್ಟಿಯಾಗಿ ಬೇರೂರಿದ ತಪ್ಪು ಕಲ್ಪನೆ ಇನ್ನೊಂದಿಲ್ಲ. ಹುಲಿ ಹತ್ತು ಸಲ ಹೊಂಚು ಹಾಕಿದರೆ ಒಂದು ಸಲ ಸಿಕ್ಕರೆ ಅದರ ಪುಣ್ಯ. ಬಹಳ ಸಲ ಅದೂ ಇಲ್ಲ. ಬೆಕ್ಕಿನ ಜಾತಿ ದೂರ ಓಡಿ ಬೇಟೆಯಾಡುವುದಿಲ್ಲ. ಹತ್ತಿರ ಬಂದು ಒಂದೇ ನೆಗೆತಕ್ಕೆ ಹಿಡಿಯಬೇಕು, ತಪ್ಪಿದರೆ ಏದುಸಿರು ಬಿಡುತ್ತಾ ಕೂರಬೇಕು. ಜೊತೆಗೆ ಗಾಯದ ಭಯ. ಕಾಡಿನಲ್ಲಿ ಔಷಧವಿಲ್ಲ, ಬಿದ್ದರೆ ಊಟ ತಂದುಕೊಡುವವರಿಲ್ಲ. ಒಮ್ಮೆ ಒಂದು ಹೆಣ್ಣುಹುಲಿಯ ಚಿತ್ರಗಳ ಸರಣಿಯನ್ನು ನೋಡುತ್ತಿದ್ದೆ. ಮೊದಲ ಚಿತ್ರದಲ್ಲಿ ಮುಂಗಾಲಿನಲ್ಲಿ ಮುಳ್ಳುಹಂದಿಯ ಎರಡು ಮುಳ್ಳು ನೆಟ್ಟಿದ್ದವು. ಮೂರು ವಾರದ ನಂತರದ ಚಿತ್ರದಲ್ಲಿ ಪಾದ ಊದಿತ್ತು, ಪಕ್ಕೆಲುಬು ಎಣಿಸಬಹುದಿತ್ತು, ಹೆಜ್ಜೆಯನ್ನು ನೆಲಕ್ಕೆ ಊರದೆ ಎತ್ತಿ ಹಿಡಿದಿತ್ತು. ಅಷ್ಟು ಬಲದ ಪ್ರಾಣಿಯನ್ನು ಎರಡು ಮುಳ್ಳು ಆ ಸ್ಥಿತಿಗೆ ತಂದಿದ್ದವು. ಹಾಗಾಗಿ ಹೊಟ್ಟೆ ತುಂಬಿದ ಹುಲಿ ಸುಮ್ಮನೆ ಮೈಮೇಲೆ ಅಪಾಯ ಎಳೆದುಕೊಳ್ಳುವುದಿಲ್ಲ.

ಬೇಟೆ ಬಿದ್ದ ಜಾಗವನ್ನೂ ಒಮ್ಮೆ ಹತ್ತಿರದಿಂದ ನೋಡಿ. ಪೊದೆಯತ್ತ ಎಳೆದುಕೊಂಡು ಹೋದ ಗುರುತು ಉದ್ದಕ್ಕೆ ಇರುತ್ತದೆ. ಜಠರವನ್ನು ಹೊರಗೆಳೆದು ಅತ್ತ ಬಿಟ್ಟಿರುತ್ತದೆ, ಹಸಿ ಹುಲ್ಲಿನ ಹುಳಿ ವಾಸನೆ ಅಲ್ಲಿಂದಲೇ ಮೂಗಿಗೆ ಬಡಿಯುತ್ತದೆ. ತಿನ್ನಲು ಶುರುಮಾಡಿದ್ದು ಸಾಮಾನ್ಯವಾಗಿ ಹಿಂತೊಡೆಯಿಂದ. ಉಳಿದದ್ದರ ಮೇಲೆ ತರಗೆಲೆ, ಮಣ್ಣು ಕೆರೆದು ಮುಚ್ಚಿರುತ್ತದೆ. ಹದ್ದುಗಳ ಕಣ್ಣಿಗೆ ಬೀಳದಂತೆ ಜೋಪಾನ ಮಾಡಿ, ನಾಳೆಯೂ ನಾಡಿದ್ದೂ ಬಂದು ತಿನ್ನುತ್ತದೆ. ರಕ್ತದಾಹಿ ಎಂದು ನೀವು ಬರೆದಿರುವ ಪ್ರಾಣಿ ಇಷ್ಟು ಲೆಕ್ಕಾಚಾರದ್ದು.

ಆದರೆ ಆ ಕಲ್ಪನೆ ಹುಟ್ಟಲು ಕಾರಣವೂ ಇದೆ, ಅದನ್ನು ನೀವು ಬಳಸಿಕೊಳ್ಳಬೇಕು. ಕುರಿದೊಡ್ಡಿಗೆ ಚಿರತೆ ನುಗ್ಗಿದರೆ ಒಂದೇ ರಾತ್ರಿ ಹತ್ತಿಪ್ಪತ್ತು ಕುರಿ ಸಾಯಬಹುದು. ಕಾಡಿನಲ್ಲಿ ಒಂದು ಜಿಂಕೆ ಬಿದ್ದರೆ ಉಳಿದವು ಓಡಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಮುಚ್ಚಿದ ದೊಡ್ಡಿಯಲ್ಲಿ ಓಡಲು ಜಾಗವಿಲ್ಲ, ಕಣ್ಣೆದುರಿಗೆ ಕುರಿಗಳು ಚೀರಾಡುತ್ತಲೇ ಇರುತ್ತವೆ. ಹಿಡಿಯುವ ಸಹಜಗುಣ ನಿಲ್ಲುವುದೇ ಇಲ್ಲ. ಬೆಳಗ್ಗೆ ಬಾಗಿಲು ತೆಗೆದ ಕುರುಬನಿಗೆ ಇದನ್ನು ಯಾರು ವಿವರಿಸುತ್ತಾರೆ? ಅವನ ಸಿಟ್ಟು ನ್ಯಾಯವಾದದ್ದು. ನಿಮ್ಮ ಊರಿನವರ ದ್ವೇಷ ಇಂಥ ಒಂದು ರಾತ್ರಿಯಿಂದ ಹುಟ್ಟಲಿ. ‘ಕಂಡದ್ದನ್ನೆಲ್ಲ ಕೊಲ್ಲುತ್ತದೆ’ ಎಂಬ ವಾಕ್ಯ ಅವರ ಬಾಯಲ್ಲಿರಲಿ, ನಿರೂಪಕಿಯ ಬಾಯಲ್ಲಿ ಬೇಡ.

ಮೈಕಟ್ಟಿಗೆ ಬರೋಣ. ಒಂದಡಿ ಕೋರೆಹಲ್ಲು ಅಸಾಧ್ಯವೇನಲ್ಲ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋದ ಸ್ಮೈಲೋಡಾನ್ ಎಂಬ ಬಾಕುಹಲ್ಲಿನ ಬೆಕ್ಕಿನ ಕೋರೆ, ಬೇರು ಸೇರಿ, 28 ಸೆಂಟಿಮೀಟರ್‌ವರೆಗೆ ಇತ್ತು. ದಕ್ಷಿಣ ಅಮೆರಿಕದಲ್ಲಿದ್ದ ಅದರ ದೊಡ್ಡ ಜಾತಿ 400 ಕಿಲೋ ತೂಗುತ್ತಿದ್ದಿರಬಹುದು ಎಂಬ ಅಂದಾಜಿದೆ. ಆದರೆ ಅಂಥ ಹಲ್ಲಿಗೆ ಅದು ತೆತ್ತ ಬೆಲೆ ನೋಡಿ. ಅಷ್ಟುದ್ದದ ಹಲ್ಲನ್ನು ಬಳಸಬೇಕಾದರೆ ಬಾಯಿ ಸುಮಾರು 120 ಡಿಗ್ರಿ ತೆರೆಯಬೇಕು. ಸಿಂಹದ ಬಾಯಿ ಅದರ ಅರ್ಧದಷ್ಟು ತೆರೆದರೆ ಹೆಚ್ಚು. ಹಾಗೆ ತೆರೆಯುವ ದವಡೆಯಲ್ಲಿ ಕಚ್ಚುವ ಬಲ ಕಡಿಮೆ. ಉದ್ದ, ತೆಳು ಹಲ್ಲು ಅಡ್ಡಕ್ಕೆ ಎಳೆತ ಬಿದ್ದರೆ, ಮೂಳೆಗೆ ತಾಗಿದರೆ ಮುರಿಯುತ್ತದೆ. ಹಾಗಾಗಿ ಆ ಬೆಕ್ಕು ಮೊದಲು ಬಲಿಷ್ಠ ಮುಂಗಾಲುಗಳಿಂದ ಬೇಟೆಯನ್ನು ನೆಲಕ್ಕೆ ಒತ್ತಿ ಅಲುಗಾಡದಂತೆ ಹಿಡಿದು, ಆಮೇಲಷ್ಟೇ ಮೆತ್ತನೆಯ ಗಂಟಲಿಗೆ ಹಲ್ಲು ಇಳಿಸುತ್ತಿದ್ದಿರಬೇಕು. ನಿಮ್ಮ ಇರುಳ್ಬುಲಿ ಓಡುವ ಕುದುರೆಯ ತಲೆಬುರುಡೆಯನ್ನು ಕಚ್ಚಿ ಒಡೆಯುವ ದೃಶ್ಯವೇನಾದರೂ ಇದ್ದರೆ ತೆಗೆದುಬಿಡಿ. ಅದರ ಬದಲು ಅದರ ತೋಳುಗಳನ್ನು ಬರೆಯಿರಿ.

ಮುರಿದ ಹಲ್ಲು ನಿಮಗೆ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. ದೊಡ್ಡ ಬೆಕ್ಕುಗಳು ಸಹಜವಾಗಿ ಮನುಷ್ಯನಿಂದ ದೂರ ಸರಿಯುತ್ತವೆ. ನರಭಕ್ಷಕವಾದ ಹಲವು ಪ್ರಾಣಿಗಳಲ್ಲಿ ಗಾಯ ಕಂಡುಬಂದಿದೆ. ನೂರಾರು ಜನರನ್ನು ಕೊಂದು 1907ರಲ್ಲಿ ಜಿಮ್ ಕಾರ್ಬೆಟ್ ಗುಂಡಿಗೆ ಬಲಿಯಾದ ಚಂಪಾವತದ ಹೆಣ್ಣುಹುಲಿಯ ಬಲಭಾಗದ ಮೇಲಿನ, ಕೆಳಗಿನ ಕೋರೆಗಳು ಮುರಿದಿದ್ದವು. ಎಲ್ಲ ನರಭಕ್ಷಕಗಳಿಗೂ ಗಾಯವೇ ಕಾರಣ ಎಂದು ಹೇಳಲು ಬರುವುದಿಲ್ಲ. ಕಾಡು ಕಡಿದು ಬೇಟೆ ಇಲ್ಲವಾದಾಗಲೂ ಹೀಗಾಗುತ್ತದೆ. ಆದರೆ ನಿಮ್ಮ ಹದಿನೆಂಟರಲ್ಲಿ ಹಲ್ಲು ಮುರಿದುಕೊಂಡ ಒಂದೇ ಒಂದು ಸಾಕು, ಉಳಿದ ಹದಿನೇಳಕ್ಕೆ ಕೆಟ್ಟ ಹೆಸರು ತರಲು.

ಆರು ಕಾಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆನ್ನೆಲುಬಿರುವ ನೆಲದ ಪ್ರಾಣಿಗಳೆಲ್ಲ ಸುಮಾರು 37 ಕೋಟಿ ವರ್ಷಗಳ ಹಿಂದೆ ನೀರಿನಿಂದ ಮೇಲೆ ಬಂದ ಪೂರ್ವಜರಿಂದ ನಾಲ್ಕು ಅವಯವಗಳ ಕಟ್ಟನ್ನು ಬಳುವಳಿಯಾಗಿ ಪಡೆದಿವೆ. ಹಕ್ಕಿಗೆ ರೆಕ್ಕೆ ಬಂದದ್ದು ಮುಂಗಾಲಿನ ಲೆಕ್ಕದಲ್ಲೇ. ನಿಮ್ಮ ಲೋಕದಲ್ಲಿ ಬೆಕ್ಕಿಗೆ ಮಾತ್ರ ಆರು ಕಾಲಿದ್ದರೆ ಅದು ಹೊರಗಿನಿಂದ ತಂದು ಅಂಟಿಸಿದಂತೆ ಕಾಣುತ್ತದೆ. ಜಿಂಕೆಗೂ ಇಲಿಗೂ ಆರು ಕೊಟ್ಟುಬಿಡಿ, ಆಗ ಅದು ಆ ಲೋಕದ ವಂಶವೃಕ್ಷವಾಗುತ್ತದೆ. ಕುದುರೆ ಮತ್ತು ಮನುಷ್ಯರ ಬಗ್ಗೆ ಮಾತ್ರ ನೀವು ಉತ್ತರ ಹುಡುಕಬೇಕು.

ಉರಿಯುವ ಕಣ್ಣು ಇಲ್ಲ. ಬೆಕ್ಕಿನ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವಿದ್ದು, ಒಳಗೆ ಬಂದ ಬೆಳಕನ್ನು ಮತ್ತೆ ಹಿಂದಕ್ಕೆ ಎರಚುತ್ತದೆ. ಕತ್ತಲಲ್ಲಿ ತಾನಾಗಿ ಏನೂ ಹೊಳೆಯುವುದಿಲ್ಲ. ಯಾರ ಕೈಯಲ್ಲಾದರೂ ದೀವಟಿಗೆ ಇರಬೇಕು. ಇದು ನಿಮಗೆ ಅನುಕೂಲವೇ: ದೀಪ ಆರಿಸಿದ ಕೂಡಲೇ ಕಣ್ಣುಗಳೂ ಮಾಯ, ಪ್ರಾಣಿ ಮಾತ್ರ ಅಲ್ಲೇ ಇದೆ.

ಕಪ್ಪು ಬಣ್ಣದ ಬಗ್ಗೆ ನನಗೆ ತಕರಾರಿದೆ. ಕರಿಚಿರತೆಗಳು ಹೆಚ್ಚಾಗಿ ಕಾಣುವುದು ಬಿಸಿಲು ನೆಲ ಮುಟ್ಟದ ತೇವದ ದಟ್ಟ ಕಾಡುಗಳಲ್ಲಿ. ಮಲಯ ಪರ್ಯಾಯ ದ್ವೀಪದ ಚಿರತೆಗಳು ಬಹುತೇಕ ಎಲ್ಲವೂ ಕಪ್ಪು. ಹಿಮದ ಮೇಲೆ ಕಪ್ಪು ಬೆಕ್ಕು ಅರ್ಧ ಮೈಲಿ ದೂರಕ್ಕೆ ಕಾಣುತ್ತದೆ, ಹೊಂಚು ಹಾಕುವುದೆಲ್ಲಿಂದ ಬಂತು? ಇದಕ್ಕಿಂತ ಸೊಗಸಾದ ಒಂದು ಸಾಧ್ಯತೆ ಇದೆ. ಜಿಂಕೆಗಳಿಗೆ ಕೆಂಪು-ಹಸಿರಿನ ಭೇದ ಕಾಣುವುದಿಲ್ಲ. ನಮ್ಮ ಕಣ್ಣಿಗೆ ಬೆಂಕಿಯಂತೆ ಕಾಣುವ ಹುಲಿಯ ಕಿತ್ತಳೆ ಬಣ್ಣ ಅವಕ್ಕೆ ಸುತ್ತಲಿನ ಹಸಿರಿನಲ್ಲೇ ಬೆರೆತುಹೋಗುತ್ತದೆ. ಮನುಷ್ಯರಿಗೆ ಕಣ್ಣು ಕುಕ್ಕುವಷ್ಟು ಕೆಂಪಾಗಿ ಕಾಣುವ, ಬೇಟೆಗೆ ಮಾತ್ರ ಕಾಣದ ಇರುಳ್ಬುಲಿಯನ್ನು ಯೋಚಿಸಿ ನೋಡಿ.

ಗುಂಪು ಬೇಟೆಯನ್ನೂ ಕೈಬಿಡಿ ಎನ್ನುತ್ತೇನೆ. ದೊಡ್ಡ ಬೆಕ್ಕುಗಳಲ್ಲಿ ಹೆಣ್ಣು, ಗಂಡು, ಮರಿ ಎಲ್ಲ ಕೂಡಿ ಸಂಸಾರ ನಡೆಸುವುದು ಸಿಂಹ ಮಾತ್ರ. ಅದು ಬಯಲಿನ ಪ್ರಾಣಿ, ಅಲ್ಲಿ ಬೇಟೆಯೂ ಹಿಂಡುಹಿಂಡಾಗಿದೆ, ಸತ್ತದ್ದು ದೂರದಿಂದಲೇ ಕಂಡು ಕಿತ್ತುಕೊಳ್ಳಲು ಕತ್ತೆಕಿರುಬಗಳೂ ಬರುತ್ತವೆ. ದಟ್ಟ ಕಾಡಿನಲ್ಲಿ ಐವತ್ತು ಕಿಲೋದ ಒಂದು ಜಿಂಕೆಯನ್ನು ಐದು ಬೆಕ್ಕು ಹಂಚಿಕೊಂಡರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಒಂಟಿಯಾಗಿ ಬಿಡಿ, ಗಡಿ ಕಾಯಲಿ. ಬೇಟೆ ಹೇರಳವಾಗಿರುವ ಕಡೆ ಹೆಣ್ಣುಹುಲಿಗೆ 20 ಚದರ ಕಿಲೋಮೀಟರ್ ಸಾಕಾಗುತ್ತದೆ. ಬೇಟೆ ವಿರಳವಾದ ರಷ್ಯದ ಪೂರ್ವತುದಿಯ ಹಿಮಕಾಡಿನಲ್ಲಿ ಅದೇ ಹುಲಿಗೆ 400ರಷ್ಟು ಬೇಕು. ನಿಮ್ಮ ಕಣಿವೆ ಈ ಎರಡರಲ್ಲಿ ಯಾವುದರ ಕಡೆಗೆ ವಾಲುತ್ತದೆ ಎಂಬುದನ್ನು ಬೇಗ ತೀರ್ಮಾನಿಸಿ. ಅದರ ಮೇಲೆ ಉಳಿದೆಲ್ಲ ನಿಂತಿದೆ.

ಈಗ ತೂಕ. 600 ಕಿಲೋದ ಬೆಕ್ಕು ಇದುವರೆಗೆ ಇದ್ದಂತಿಲ್ಲ. ನಿಮ್ಮ ಮುಂದೆ ಕೆಲವು ದಾರಿಗಳಿವೆ. ದೊಡ್ಡ ಹುಲಿಯಷ್ಟು, ಅಂದರೆ 250 ಕಿಲೋಗೆ ಇಳಿಸಿದರೆ ಅದೇ ಕಣಿವೆ ಸುಮಾರು 43 ಪ್ರಾಣಿಗಳನ್ನು ಸಾಕುತ್ತದೆ, ಜಿಂಕೆಯನ್ನೇ ತಿಂದು ಬದುಕುತ್ತವೆ. ಇದು ಸುರಕ್ಷಿತ ದಾರಿ, ಆದರೆ ಓದುಗರ ಮನಸ್ಸಿನಲ್ಲಿ ಅದು ಹುಲಿಯೇ ಆಗಿಬಿಡುವ ಅಪಾಯವಿದೆ. 600 ಕಿಲೋವನ್ನೇ ಉಳಿಸಿಕೊಳ್ಳುವುದಾದರೆ ಬೇಟೆಯನ್ನೂ ದೊಡ್ಡದು ಮಾಡಬೇಕು. ದೊಡ್ಡ ಮಾಂಸಾಹಾರಿಗಳು ಹೆಚ್ಚಾಗಿ ತಮ್ಮದೇ ತೂಕದ ಆಸುಪಾಸಿನ ಬೇಟೆಯನ್ನು ಅವಲಂಬಿಸುತ್ತವೆ. ಸಣ್ಣದನ್ನು ಹಿಡಿಯುವ ಶ್ರಮಕ್ಕೆ ಸಿಗುವ ಮಾಂಸ ಸಾಲುವುದಿಲ್ಲ. ಕಾಟಿಯಂಥ 800 ಕಿಲೋದ ಒಂದು ಪ್ರಾಣಿಯನ್ನು ಸೃಷ್ಟಿಸಿ, ಚದರ ಕಿಲೋಮೀಟರಿಗೆ ಎರಡರಂತೆ ಬಿಟ್ಟರೆ ಇರುಳ್ಬುಲಿಗಳ ಸಂಖ್ಯೆ 32ಕ್ಕೆ ಏರುತ್ತದೆ. ಅಪಾಯ ಏನೆಂದರೆ ಅವೂ ಹುಲ್ಲು ತಿನ್ನಬೇಕಲ್ಲ, ಜಿಂಕೆಗಳು ಅಷ್ಟರಮಟ್ಟಿಗೆ ಕಡಿಮೆಯಾಗಬೇಕು.

ಇನ್ನೊಂದು ದಾರಿ, ಮೈಯ ಒಲೆಯನ್ನೇ ಸಣ್ಣ ಮಾಡುವುದು. ಇಂಡೋನೇಷ್ಯದ ದೈತ್ಯ ಹಲ್ಲಿ ಕೊಮೊಡೊ ಡ್ರ್ಯಾಗನ್ ಚಿಕ್ಕ ದ್ವೀಪಗಳಲ್ಲಿ ದೊಡ್ಡ ಬೇಟೆಗಾರನಾಗಿ ಬದುಕಿದೆ, ಏಕೆಂದರೆ ಶೀತರಕ್ತದ ಪ್ರಾಣಿಗೆ ಅದೇ ತೂಕದ ಸಸ್ತನಿಗಿಂತ ಬಹಳ ಕಡಿಮೆ ಆಹಾರ ಸಾಕು. ಹಿಮಕಣಿವೆಗೆ ಶೀತರಕ್ತ ಒಗ್ಗುವುದಿಲ್ಲ, ಆದರೆ ಚಳಿಗಾಲವಿಡೀ ಗವಿಯಲ್ಲಿ ನಿದ್ರಿಸುವ ಇರುಳ್ಬುಲಿ ಕಲ್ಪನೆಗೆ ದಕ್ಕುತ್ತದೆ. ಮಾಯೆಯಿಂದ ಹೊಟ್ಟೆ ತುಂಬಿಸುತ್ತೇನೆ ಎಂದರೆ ಅದೂ ನಿಮ್ಮ ಹಕ್ಕು. ಆದರೆ ಮಾಯೆಯೇ ಅನ್ನವಾದರೆ ಜಿಂಕೆಗೂ ಇರುಳ್ಬುಲಿಗೂ ಸಂಬಂಧ ಕಡಿದುಹೋಗುತ್ತದೆ, ನಿಮ್ಮ ಕೊನೆಯ ಅಧ್ಯಾಯ ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ನಾನು ಎರಡನೆಯದನ್ನು ಆರಿಸುತ್ತೇನೆ: ದೊಡ್ಡ ಬೇಟೆ, ದೊಡ್ಡ ಬೆಕ್ಕು, ಬಹಳ ಕಡಿಮೆ ಸಂಖ್ಯೆ. ಜೊತೆಗೆ ಸಣ್ಣ ಬೇಟೆಗಾರರಿಗೂ ಜಾಗ ಕೊಡಿ. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಒಟ್ಟಿಗೆ ಬಾಳುತ್ತವೆ. ಹುಲಿ ಕಾಟಿಯಂಥ ದೊಡ್ಡ ಬೇಟೆಯತ್ತ ವಾಲುತ್ತದೆ, ಉಳಿದೆರಡು ಮಧ್ಯಮ ಗಾತ್ರದವನ್ನು ಹಿಡಿಯುತ್ತವೆ.

ಕಡಿಮೆ ಸಂಖ್ಯೆಗೆ ಒಂದು ಒಳಗಾಯ ಇರುತ್ತದೆ: ರಕ್ತಸಂಬಂಧದಲ್ಲೇ ಕೂಡುವುದು. ಸುತ್ತ ಬೆಟ್ಟ ಮುಚ್ಚಿದ ಕಣಿವೆಯಲ್ಲಿ ಹದಿನೆಂಟೋ ಮೂವತ್ತೆರಡೋ ಪ್ರಾಣಿಗಳು ಕೆಲವೇ ತಲೆಮಾರುಗಳಲ್ಲಿ ಒಂದೇ ಮನೆಯವಾಗಿಬಿಡುತ್ತವೆ. ಅಮೆರಿಕದ ಫ್ಲಾರಿಡಾದ ಪ್ಯೂಮಾ ಎಂಬ ಕಾಡುಬೆಕ್ಕುಗಳು ಇಪ್ಪತ್ತು ಮೂವತ್ತಕ್ಕೆ ಇಳಿದಾಗ ಬಾಲ ಸೊಟ್ಟಗಾದ, ಹೃದಯದಲ್ಲಿ ದೋಷವಿದ್ದ ಮರಿಗಳು ಹುಟ್ಟತೊಡಗಿದವು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟ ಮೇಲೆ ಚೇತರಿಕೆ ಕಂಡಿತು. ಅಮೆರಿಕದ ಐಲ್ ರೊಯಾಲ್ ದ್ವೀಪದ ತೋಳಗಳು ಹೀಗೆಯೇ ಕ್ಷೀಣಿಸುತ್ತಾ 2016ರ ಹೊತ್ತಿಗೆ ಎರಡೇ ಉಳಿದಿದ್ದವು. ಹಾಗಾಗಿ ನಿಮ್ಮ ಬೆಟ್ಟಸಾಲಿನಲ್ಲಿ ಒಂದು ಕಣಿವೆದಾರಿ ಇಡಿ, ವರ್ಷಕ್ಕೊಮ್ಮೆ ಯಾವುದೋ ಹರೆಯದ ಗಂಡು ಅದನ್ನು ದಾಟಿ ಬರಲಿ. ಊರಿನವರು ಕೊನೆಯ ಇರುಳ್ಬುಲಿಯನ್ನು ಕೊಲ್ಲಬೇಕೆಂದೇ ಇಲ್ಲ. ಆ ದಾರಿಗೆ ಕೋಟೆಗೋಡೆ ಕಟ್ಟಿದರೆ ಸಾಕು. ಮೂವತ್ತು ವರ್ಷದ ನಂತರ ಸೊಟ್ಟಬಾಲದ ಮರಿ ಕಂಡಾಗ ಹಿರಿಯಳೊಬ್ಬಳಿಗೆ ಗೋಡೆಯ ನೆನಪಾಗಲಿ.

ಕೊಲ್ಲುವುದನ್ನೇ ಉಳಿಸಿಕೊಂಡರೆ, ಕಾಡು ಸಾಯುವುದು ನಿಜವೇ? ನಿಜ, ಆದರೆ ಅದೇ ಚಳಿಗಾಲದಲ್ಲಲ್ಲ. ವೆನೆಜುವೆಲಾದ ಗುರಿ ಜಲಾಶಯದಲ್ಲಿ ಬೆಟ್ಟದ ತುದಿಗಳು ದ್ವೀಪಗಳಾದಾಗ ಸಣ್ಣ ದ್ವೀಪಗಳಿಂದ ಬೇಟೆಗಾರ ಪ್ರಾಣಿಗಳು ಕಣ್ಮರೆಯಾದವು. ಎಲೆ ತಿನ್ನುವ ಇರುವೆ, ಕೋತಿ, ಓತಿಗಳೂ ಬೀಜ ತಿನ್ನುವ ಇಲಿಯಂಥ ದಂಶಕಗಳೂ 10ರಿಂದ 100 ಪಟ್ಟು ಹೆಚ್ಚಾದವು, ಸಸಿಗಳು ತೀವ್ರವಾಗಿ ಕುಸಿದವು ಎಂದು 2001ರಲ್ಲಿ ಜಾನ್ ಟರ್ಬೋರ್ ಮತ್ತು ಸಂಗಡಿಗರು ವರದಿ ಮಾಡಿದರು. ಇನ್ನೊಂದೆಡೆ, 1995ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ತೋಳ ಮರಳಿದ ಮೇಲೆ ಕಾಡು ಎಷ್ಟು ಚೇತರಿಸಿತು ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ವಾದವಿದೆ. ಕಳೆದುಕೊಂಡಷ್ಟು ಸುಲಭವಾಗಿ ಮರಳಿ ಕಟ್ಟಲಾಗುವುದಿಲ್ಲ.

ನಿಮ್ಮ ಕಣಿವೆಯಲ್ಲಿ ಇದು ನಿಧಾನವಾಗಿ ನಡೆಯಲಿ. ಮೊದಲ ವರ್ಷ ಊರಿನಲ್ಲಿ ಹಬ್ಬ. ಎರಡನೆಯ ವರ್ಷ ಜಿಂಕೆಗಳು ಹಗಲಲ್ಲೇ ಹೊಳೆದಂಡೆಯಲ್ಲಿ ಮಲಗತೊಡಗುತ್ತವೆ. ಹಿಂದೆ ಹೆದರಿ ಒಂದೆಡೆ ನಿಲ್ಲುತ್ತಿರಲಿಲ್ಲ, ಈಗ ಬುಡ ಸಮೇತ ಮೇಯುತ್ತವೆ. ನಾಲ್ಕನೆಯ ವರ್ಷ ಹೊಲಕ್ಕೆ ಬರುತ್ತವೆ. ಹತ್ತನೆಯ ವರ್ಷವೂ ದೂರದಿಂದ ನೋಡಿದವರಿಗೆ ಕಾಡು ಹಸಿರಾಗಿಯೇ ಇರುತ್ತದೆ, ಏಕೆಂದರೆ ಹಳೆಯ ಮರಗಳು ನಿಂತೇ ಇವೆ. ಒಳಗೆ ನಡೆದವರಿಗೆ ಮಾತ್ರ ಮೊಣಕಾಲೆತ್ತರದ ಒಂದು ಸಸಿಯೂ ಸಿಗುವುದಿಲ್ಲ.

ಕೊನೆಗೆ ಮರಿ. ಹಾಲು ಸರಿ, ಕೆಲವು ವಾರ. ಜೇನು, ಹಣ್ಣು ಬೇಡ. ಬೆಕ್ಕಿನ ಜಾತಿಯಲ್ಲಿ ಸಿಹಿ ಗುರುತಿಸುವ ವಂಶವಾಹಿ ಕೆಟ್ಟುಹೋಗಿದೆ ಎಂದು 2005ರಲ್ಲಿ ತಿಳಿದುಬಂತು, ಜೇನಿನ ರುಚಿಯೇ ಅದಕ್ಕೆ ಹತ್ತುವುದಿಲ್ಲ. ಅಷ್ಟೇ ಅಲ್ಲ, ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಲಾರದು, ಅದು ಮಾಂಸದಿಂದಲೇ ಬರಬೇಕು. ಇಲ್ಲವಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹುಲಿಮರಿ ಒಂದೂವರೆ ಎರಡು ವರ್ಷ ತಾಯಿಯ ಬೇಟೆಯನ್ನೇ ನೆಚ್ಚಿಕೊಂಡಿರುತ್ತದೆ. ಅಂದರೆ ಅಷ್ಟೂ ದಿನ, ವಾರವಾರವೂ, ನಿಮ್ಮ ನಾಯಕಿ ಕಾಡಿಗೆ ಹೋಗಿ ಏನನ್ನಾದರೂ ಕೊಂದು ತರಬೇಕು. ಅವಳು ಮೊದಲ ಜಿಂಕೆಯ ಮೇಲೆ ಕೈಯೆತ್ತುವ ಅಧ್ಯಾಯ ನಿಮ್ಮ ಕರಡಿನಲ್ಲಿ ಇಲ್ಲ. ಅಲ್ಲಿಂದಲೇ ಮತ್ತೆ ಬರೆಯಲು ಶುರುಮಾಡಿ.